ಒಬ್ಬನೇ ಸಾಕಾಗುವ ಲಾಂಚು

ಫೆಬ್ರವರಿ ೯

ಮಸಿಮೂತಿಗೆ ಮಾವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ, ಎಂಜಿನ್ ಒಂದನ್ನು ಬಿಟ್ಟು. ಅದು ಹೋದ ಸೋಮವಾರ ನಡುನೀರಿನಲ್ಲಿ ಪ್ರಾಣ ಬಿಟ್ಟಿತು. ನೀನು ಗಾಬರಿಯಾಗಬೇಡ. ನಿನ್ನ ಮಾವ ಚುಕ್ಕಾಣಿ ಹಿಡಿದ ಲಾಂಚಿನಲ್ಲಿ ಇದುವರೆಗೆ ಯಾರೂ ಮುಳುಗಿಲ್ಲ. ಮುಳುಗಬೇಕೆಂದು ಹಟ ಹಿಡಿದರೂ ನಾನು ಬಿಡುವವನಲ್ಲ.

ನಡೆದದ್ದು ಕೇಳು. ಲಾಂಚಿನ ತುಂಬ ಜನ. ಆಚೆ ದಡದ ಶಾಲೆಯ ಟೀಚರಮ್ಮ, ಎರಡು ಕುರಿ, ಟಾರ್ಪಾಲು ಹೊದಿಸಿದ ಒಂದು ಬೀರು, ಆ ಬೀರುವಿನ ಯಜಮಾನ, ಇನ್ನೂ ಯಾರ್ಯಾರೋ. ಇಳಿತದ ನೀರು ಹೊಳೆ ಕಡಲು ಸೇರುವ ಅಳಿವೆಯ ಬಾಯಿಯ ಕಡೆಗೆ ಎಳೆಯುತ್ತಿತ್ತು. ಕೆಳಗಿನಿಂದ ಮೊದಲು ಒಂದು ಕೀರಲು ದನಿ ಬಂತು, ಆಮೇಲೆ ಒಂದು ಗುದ್ದು, ಆಮೇಲೆ ಏನೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಚೆಲ್ಲಿ ಕೂರುತ್ತಿದ್ದರು. ನಾನು ಬೀರುವಿನ ಟಾರ್ಪಾಲು ಕಿತ್ತು ಎರಡು ಗಳಗಳಿಗೆ ಕಟ್ಟಿ ಗಾಳಿಗೆ ಒಡ್ಡಿದೆ. ಒಂದು ಗಳವನ್ನು ಬೀರುವಿನ ಯಜಮಾನ ಹಿಡಿದ, ಇನ್ನೊಂದನ್ನು ಟೀಚರಮ್ಮ ಹಿಡಿದರು. ಚುಕ್ಕಾಣಿ ನನ್ನದು. ಹಾಗೆ ತಂದು ದಡದ ಧಕ್ಕೆಗೆ ಮುಟ್ಟಿಸಿದಾಗ ಜನ ಕೈ ಮುಗಿದರು. ಕುರಿಗಳು ಕೂಡ ನನ್ನನ್ನೇ ನೋಡುತ್ತಿದ್ದವು, ಮೆಚ್ಚುಗೆಯಿಂದಲೇ ಇರಬೇಕು.

ಎಂಜಿನ್‌ಗೆ ವಯಸ್ಸಾಗಿತ್ತು, ಹೋಯಿತು. ಯಾರ ತಪ್ಪೂ ಅಲ್ಲ. ವರ್ಕ್‌ಶಾಪಿನವನು ಬಂದು ಬಿಚ್ಚಿ ನೋಡಿ, ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡು ಸೀಜ್ ಆಗಿದೆ, ಕ್ರ್ಯಾಂಕೂ ಕೆಟ್ಟಿದೆ, ಇನ್ನು ಇದರ ಆಸೆ ಬಿಡಿ ಅಂದ. ಅದೇ ಮಾದರಿಯ ಎಂಜಿನ್ ಇನ್ನೊಂದು ಸಿಕ್ಕರೆ ಕಣ್ಣು ಮುಚ್ಚಿ ಕೂರಿಸಬಹುದಂತೆ, ಆದರೆ ಅದನ್ನು ಮಾಡುವುದನ್ನೇ ನಿಲ್ಲಿಸಿ ಕಾಲವಾಯಿತಂತೆ. ಹೊಟ್ಟೆಯೊಳಗೆ ಕೂರುವ ಈಗಿನ ಹೊಸ ಇನ್‌ಬೋರ್ಡ್ ತಂದರೆ ನಮ್ಮ ಬಾಗಿಲಲ್ಲಿ ತೂರುವುದಿಲ್ಲ, ಮೇಲಿನ ಮಾಡನ್ನೇ ಕೀಳಬೇಕು, ಶಾಫ್ಟಿನಿಂದ ನೀರಿನೊಳಗಿನ ಫ್ಯಾನಿನವರೆಗೆ ಎಲ್ಲ ಬದಲಿಸಬೇಕು. ಅದು ರಾಜರ ಕೆಲಸ. ಉಳಿದದ್ದು ಔಟ್‌ಬೋರ್ಡ್. ಲಾಂಚಿನ ಹಿಂದೆ ಹೊರಗಡೆ ಎರಡು ನೇತುಹಾಕಿದರೆ ಮುಗಿಯಿತು.

ಭಾವ, ಅಂದರೆ ನಿನ್ನ ಅಪ್ಪ, ಹೋದ ಮೇಲೆ ಈ ಲಾಂಚಿನಲ್ಲಿ ಅರ್ಧ ನಿನ್ನದು. ಆದ್ದರಿಂದ ಕೇಳುತ್ತಿದ್ದೇನೆ. ನನ್ನ ಮನಸ್ಸಿನಲ್ಲಿ ಎಲ್ಲ ತೀರ್ಮಾನವಾಗಿದೆ, ಆದರೂ ಕೇಳುವುದು ಮರ್ಯಾದೆ. ನಿನಗೇನನ್ನಿಸುತ್ತದೆ ಬರೆ.

ಈ ನೀರಿನ ಮೇಲೆ ತನಗೆ ಸಾಟಿಯಿಲ್ಲದ,
ನಿನ್ನ ಮಾವ


ಫೆಬ್ರವರಿ ೨೧

ಮಾವನಿಗೆ ನಮಸ್ಕಾರ.

ಕಾಗದ ಮುಟ್ಟಿತು. ಹೊಸ ಕಟ್ಟಡಕ್ಕೆ ಲಿಫ್ಟ್ ಕೂರಿಸುತ್ತಿದ್ದೇವೆ, ಅದರ ಗುಂಡಿಯ ತಳದಲ್ಲಿ ಕೂತು ಟಾರ್ಚ್ ಹಿಡಿದುಕೊಂಡು ಓದಿದೆ. ಕುರಿಗಳ ಹತ್ತಿರ ಬಂದಾಗ ನಕ್ಕದ್ದು ಮೇಲಿನ ಮಹಡಿಯವರೆಗೂ ಕೇಳಿಸಿ, ಜೊತೆಯಲ್ಲಿ ಕೆಲಸ ಮಾಡುವವರು ನನಗೇನೋ ಆಯಿತೆಂದು ಓಡಿಬಂದರು.

ಈಗ ಕೆಲಸದ ಮಾತು. ಆ ಜಾತಿಯ ಎಂಜಿನ್ ವಯಸ್ಸಾಗಿ ಸಾಯುವುದಿಲ್ಲ ಮಾವ. ಸೀಜ್ ಆಗಬೇಕಾದರೆ ಒಂದೋ ಆಯಿಲ್ ಮುಗಿದಿರಬೇಕು, ಇಲ್ಲವೇ ತಂಪು ಮಾಡುವ ನೀರು ನಿಂತಿರಬೇಕು. ನೀರಿನ ಪಂಪಿನ ಒಳಗಿರುವ ರಬ್ಬರ್ ಚಕ್ರ ತೆಗೆದು ನೋಡಿದಿರಾ? ನೀರು ಸಣ್ಣದಾಗುತ್ತ ಬಂದರೆ ಕೆಳಗೆ ಎಂಜಿನ್ ಪಕ್ಕ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ, ಕೊಳವೆಯ ಮೇಲೆ ಕೈಯಿಟ್ಟರೆ ಸಾಕು. ಅವತ್ತು ಕೆಳಗೆ ಯಾರಿದ್ದರು? ಗಳ ಹಿಡಿಯಲು ಟೀಚರಮ್ಮನೇ ಏಕೆ ಬೇಕಾಯಿತು? ಅಪ್ಪನ ಜಾಗಕ್ಕೆ ನೀವು ಇಟ್ಟುಕೊಂಡಿದ್ದ ಎಂಜಿನ್ ಆಳು ಎಲ್ಲಿದ್ದ?

ಔಟ್‌ಬೋರ್ಡ್ ಬೇಡ ಎಂದೇ ನನ್ನ ಮನಸ್ಸು. ನಮ್ಮದು ಹೊಟ್ಟೆ ಭಾರದ ಲಾಂಚು. ಅಳಿವೆಯ ಬಾಯಲ್ಲಿ ಅಲೆಯೆದ್ದು ಹಿಂಬದಿ ಮೇಲಕ್ಕೆದ್ದರೆ ಔಟ್‌ಬೋರ್ಡಿನ ಫ್ಯಾನ್ ನೀರು ಬಿಟ್ಟು ಗಾಳಿಯಲ್ಲಿ ಸುತ್ತುತ್ತದೆ. ಲಾಂಚಿಗೆ ಬಲ ಬೇಕಾದ ಹೊತ್ತಿಗೆ ಸರಿಯಾಗಿ ಬಲ ಇರುವುದಿಲ್ಲ. ಎಂಜಿನ್ ಹೊಟ್ಟೆಯೊಳಗೇ ಇರಲಿ. ಇಲ್ಲಿ ಹಳೆ ಹಡಗು ಒಡೆಯುವ ಯಾರ್ಡುಗಳಿವೆ, ರಜೆಯ ದಿನ ಸುತ್ತಿ ಬರುತ್ತೇನೆ. ಅಲ್ಲಿಯವರೆಗೆ ಕಾಯಿರಿ.

ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಎಂಜಿನ್ ಕೂರುವ ಆ ಎರಡು ಉದ್ದ ತೊಲೆಗಳನ್ನು ಯಾರಿಂದಲೂ ಕತ್ತರಿಸಬೇಡಿ. ಲಾಂಚಿನ ಪಕ್ಕೆಗಳಿಗೆ ಒಂದೊಂದಾಗಿ ಕಚ್ಚು ಕೊಟ್ಟು ಅಪ್ಪ ಅವನ್ನು ಕೂರಿಸಿದ್ದು ನಾನು ನೋಡಿದ್ದೇನೆ. ಅವು ಹೋದರೆ ಮತ್ತೆ ಯಾವ ಇನ್‌ಬೋರ್ಡೂ ಅಲ್ಲಿ ಕೂರುವುದಿಲ್ಲ.

ಇಲ್ಲಿ ಎಲ್ಲ ಹಾಗೇ ಇದೆ. ಇಡೀ ದಿನ ಗುಂಡಿಯಲ್ಲಿ ಕೆಲಸ, ತಲೆಯೆತ್ತಿದರೆ ಒಂದು ಚೌಕದಷ್ಟು ಬೆಳಕು. ನಮ್ಮೂರಿನ ನೀರು ನೋಡಿ ತುಂಬ ಕಾಲವಾಯಿತು. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಸಿಮೂತಿ


ಮಾರ್ಚ್ ೪

ಮಸಿಮೂತಿಗೆ ಆಶೀರ್ವಾದ.

ನೀನು ಬರೆದದ್ದು ಕಾಗದವಲ್ಲ, ಪೊಲೀಸ್ ವಿಚಾರಣೆ. ಯಾರಿದ್ದರು, ಎಲ್ಲಿದ್ದರು, ಟೀಚರಮ್ಮನ ಕೈಗೆ ಗಳ ಹೇಗೆ ಬಂತು. ನಿನ್ನ ಅತ್ತೆ ನನ್ನಿಂದ ಎರಡು ಸಲ ಓದಿಸಿ ಕೇಳಿ, ಈಗ ಉತ್ತರ ಕೊಡಿ ನೋಡೋಣ ಎಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ. ಆಳು ಅವತ್ತು ರಜೆ ಹಾಕಿದ್ದ ಎಂದು ಬರೆದುಕೋ. ವಿಚಾರಣೆ ಮುಗಿಯಿತು, ಆರೋಪಿ ಬಿಡುಗಡೆ.

ನೀನು ಕೇಳಿದೆಯೆಂದು ರಬ್ಬರ್ ಚಕ್ರ ತೆಗೆಸಿ ನೋಡಿದೆ. ಹಲ್ಲೆಲ್ಲ ಉದುರಿ ಬೊಚ್ಚುಬಾಯಿ ಆಗಿದೆ. ಸಂತೋಷವಾಯಿತೇ? ಅಲ್ಲಿ ಕೂತು ಇಲ್ಲಿಯ ಪಂಪಿನ ಹಲ್ಲು ಎಣಿಸುವವಳು ನೀನು. ಹೋಗಲಿ, ಯಾರ ಸೋದರಸೊಸೆ? ಧಕ್ಕೆಯ ಮೇಲೆ ಚಹಾ ಮಾರುವವನು ಮೊನ್ನೆ ಕೇಳಿದ, ಅಪ್ಪನ ಜೊತೆ ಕೆಳಗೆ ಕೂತು ಮುಖಕ್ಕೆಲ್ಲ ಮಸಿ ಬಳಿದುಕೊಳ್ಳುತ್ತಿದ್ದ ಆ ಮಗು ಈಗ ಎಲ್ಲಿ ಎಂದು. ನಾನು ಆಕಾಶಕ್ಕೆ ಕೈ ತೋರಿಸಿ, ಅವಳು ಈಗ ಜನರನ್ನು ಅಲ್ಲಿಗೆ ಹತ್ತಿಸಿ ಇಳಿಸುತ್ತಾಳೆ ಅಂದೆ. ಅವನು ಚಹಾಕ್ಕೆ ಕಾಸು ತೆಗೆದುಕೊಳ್ಳಲಿಲ್ಲ.

ಬಡಗಿ ಬಂದಿದ್ದ. ಅವನ ಬಾಯಲ್ಲಿ ಯಾವಾಗಲೂ ಮೊಳೆ ತುಂಬಿರುತ್ತದೆ, ಮಾತಾಡಬೇಕಾದರೆ ಅಷ್ಟನ್ನೂ ಅಂಗೈಗೆ ಉಗುಳಬೇಕು, ಆದ್ದರಿಂದ ಮಾತು ಕಡಿಮೆ. ಹಿಂದಿನ ಹಲಗೆ ತಗ್ಗಿಸಿ ಬಲಪಡಿಸಿದರೆ ಎರಡು ಔಟ್‌ಬೋರ್ಡ್ ಹೊರುತ್ತದಂತೆ. ಶಾಫ್ಟಿನ ತೂತು ಮುಚ್ಚಬೇಕು. ಹೊಟ್ಟೆಯಲ್ಲಿರುವ ಸತ್ತ ಎಂಜಿನ್ ಹೊರಗೆ ಬರಬೇಕು.

ನೀನು ಅಲೆ ಎಂದು ಹೆದರಿಸಬೇಡ. ಈ ಅಲೆಗಳೆಲ್ಲ ನನಗೆ ಸಲಾಂ ಹೊಡೆದು ಹೋಗುವಂಥವು. ಎಲ್ಲಕ್ಕಿಂತ ದೊಡ್ಡ ಲಾಭ ಏನು ಗೊತ್ತೇ? ಔಟ್‌ಬೋರ್ಡಿಗೆ ಒಬ್ಬನೇ ಸಾಕು. ನಾನು ಮೇಲೆ ಗಂಟೆ ಎಳೆಯುವುದು, ಭಾವ ಕೆಳಗೆ ಕೂತು ಗಂಟೆಯ ಲೆಕ್ಕದಲ್ಲಿ ಮುಂದೆ, ಹಿಂದೆ, ನಿಲ್ಲು ಎಂದು ಲಿವರ್ ತಳ್ಳುವುದು, ಒಬ್ಬರ ಮುಖ ಒಬ್ಬರಿಗೆ ಕಾಣದು. ಒಂದು ಲಾಂಚಿಗೆ ಇಬ್ಬರ ಆಯಸ್ಸು ಸವೆಯಿತು. ಇನ್ನು ಆ ಕಾಟವಿಲ್ಲ. ನಾನು ಹಿಂದೆ ಕೂತು ಒಂದು ಕೈಯಲ್ಲಿ ಲಾಂಚು ನಡೆಸಿ ಇನ್ನೊಂದು ಕೈಯಲ್ಲಿ ಮೀಸೆ ತಿರುವುತ್ತೇನೆ. ಯಾರನ್ನೂ ಹುಡುಕಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ನೀನೂ ಈ ತುಕ್ಕಿನ ಚಿಂತೆ ಬಿಟ್ಟು ನೆಮ್ಮದಿಯಾಗಿರು. ನಿನ್ನ ರಜೆಯ ದಿನಗಳನ್ನು ಯಾರ್ಡು ಸುತ್ತಿ ಹಾಳುಮಾಡಬೇಡ.

ಒಬ್ಬನೇ ಆದರೂ ಇಬ್ಬರಿಗೆ ಸಮನಾದ,
ನಿನ್ನ ಮಾವ


ಮಾರ್ಚ್ ೧೫

ಮಾವನಿಗೆ ನಮಸ್ಕಾರ.

ಸಿಕ್ಕಿತು.

ಊರಾಚೆಯ ಒಂದು ಯಾರ್ಡಿನಲ್ಲಿ, ತಗಡಿನ ಮಾಡಿನ ಕೆಳಗೆ, ಹರಿದ ಬಲೆಗಳ ಹಿಂದೆ ಕೂತಿತ್ತು. ಅದೇ ಮಾದರಿ, ಅದೇ ಹಸಿರು ಬಣ್ಣ. ಯಾರ್ಡಿನವನು ಇದು ತಿರುಗುವುದಿಲ್ಲ ತಾಯಿ, ತೂಕಕ್ಕೆ ಹಾಕುವುದಕ್ಕೆ ಇಟ್ಟದ್ದು ಅಂದ. ನಾನು ಬೇರೆ ಡೀಸೆಲ್ ತರಿಸಿ, ಕೊಳವೆಗಳಲ್ಲಿದ್ದ ಗಾಳಿ ತೆಗೆದು, ಹ್ಯಾಂಡಲ್ ಹಾಕಿ ತಿರುಗಿಸಿದೆ. ಮೊದಲು ಕಪ್ಪು ಹೊಗೆ ಬಂತು, ಆಮೇಲೆ ಬಿಳಿ, ಆಮೇಲೆ ಹೊಗೆಯೇ ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಬೇರಿಂಗುಗಳನ್ನು ಒಂದೊಂದಾಗಿ ಕೇಳಿದೆ. ಎಲ್ಲ ಚೆನ್ನಾಗಿವೆ. ಅಂಗೈಯಲ್ಲಿ ಇನ್ನೂ ಡೀಸೆಲ್ ವಾಸನೆಯಿದೆ. ಸೋಪು ಹಾಕಿ ತೊಳೆಯಲು ಮನಸ್ಸಾಗಲಿಲ್ಲ.

ನಮ್ಮ ತೊಲೆಗಳ ಮೇಲೆ ಇದು ಒಂದು ಬೋಲ್ಟೂ ಬದಲಿಸದೆ ಕೂರುತ್ತದೆ. ತಿಂಗಳ ಕೊನೆಯವರೆಗೆ ಯಾರಿಗೂ ಕೊಡುವುದಿಲ್ಲ ಎಂದು ಯಾರ್ಡಿನವನು ಒಪ್ಪಿದ್ದಾನೆ.

ಇದಕ್ಕೆ ಇಬ್ಬರು ಬೇಕು, ಗೊತ್ತು. ಇಬ್ಬರು ಬೇಕಾಗುವುದು ಲಾಂಚಿಗೆ ಕೆಟ್ಟದ್ದೇನಲ್ಲ ಮಾವ. ಆ ಆಳು ರಜೆ ಹಾಕಿದ್ದ ಎಂದಿರಿ. ಅವನು ಮರಳಿ ಬಂದನೋ ಇಲ್ಲವೋ ಬರೆಯಲಿಲ್ಲ. ದಯವಿಟ್ಟು ಅದನ್ನು ಮರೆಯದೆ ಬರೆಯಿರಿ. ಕೆಳಗೆ ಈಗ ಯಾರಿದ್ದಾರೆ ಎಂದು ನನಗೆ ಗೊತ್ತಾಗಬೇಕು.

ಇಲ್ಲಿ ಇನ್ನೊಂದು ವಿಷಯಕ್ಕೂ ನಾನು ತಿಂಗಳ ಕೊನೆಯೊಳಗೆ ಹೌದು ಅಥವಾ ಇಲ್ಲ ಎನ್ನಬೇಕಾಗಿದೆ. ನಿಮ್ಮ ಕಾಗದ ನೋಡಿಕೊಂಡು ಹೇಳುತ್ತೇನೆ ಎಂದಿದ್ದೇನೆ. ಬೇಗ ಬರೆಯಿರಿ.

ನಿಮ್ಮ ಮಸಿಮೂತಿ


ಮಾರ್ಚ್ ೨೪

ಮಸಿಮೂತಿಗೆ ಎರಡು ಪಾಲು ಆಶೀರ್ವಾದ.

ಎರಡು ಪಾಲು ಯಾಕೆಂದರೆ ನಿನ್ನ ಮಾವನಿಗೆ ಅರ್ಥವಾಗಿದೆ. ಹೌದು ಅಥವಾ ಇಲ್ಲ ಅನ್ನಬೇಕಾದ ವಿಷಯ, ಅದಕ್ಕೆ ಮಾವನ ಕಾಗದ ಬರಬೇಕು! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಇಷ್ಟು ಓದಿಕೊಳ್ಳಲು ನನಗೆ ಬರುತ್ತದೆ. ಅಕ್ಕ ಇಲ್ಲ, ಭಾವ ಇಲ್ಲ, ಇನ್ನು ನಿನ್ನ ಮದುವೆಯ ಮಾತಿಗೆ ನಾನಲ್ಲದೆ ಯಾರು? ಹುಡುಗ ಯಾರು, ಏನು ಕೆಲಸ, ಈಜು ಬರುತ್ತದೆಯೇ ಅಷ್ಟು ಬರೆ. ನನ್ನ ಒಪ್ಪಿಗೆ ಇದೆ. ಧೈರ್ಯವಾಗಿ ಹೌದು ಅನ್ನು.

ಇಂಥ ಹೊತ್ತಿನಲ್ಲಿ ನೀನು ಕಾಲಿಗೆ ಹಳೆ ಎಂಜಿನ್ ಒಂದನ್ನು ಕಟ್ಟಿಕೊಂಡು ಏದುಸಿರು ಬಿಡುವುದನ್ನು ನಾನು ನೋಡುತ್ತ ಕೂರುತ್ತೇನೆಯೇ? ಕಾಗದ ಓದಿದ ಮರುದಿನವೇ ಬಡಗಿಯನ್ನು ಕರೆಸಿದೆ. ಎಲ್ಲ ಮುಗಿಯಿತು.

ನೀನು ಇರಬೇಕಿತ್ತು. ಮೂರು ಮರದ ಕಂಬಗಳನ್ನು ಧಕ್ಕೆಯ ಮೇಲೆ ಕೂಡಿಸಿ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ, ಸತ್ತ ಎಂಜಿನ್ ಎತ್ತಿದೆವು. ಅದು ಹೊರಬಂದ ಗಳಿಗೆಗೆ ಲಾಂಚು ನೀರಿನಲ್ಲಿ ಒಂದು ಗೇಣು ಮೇಲೆದ್ದು ನಿಂತಿತು, ಹೊತ್ತ ಮೂಟೆ ಇಳಿಸಿದ ಕೂಲಿಯವನ ಹಾಗೆ. ಜನ ಓ ಎಂದರು. ಆಮೇಲೆ ತೊಲೆಗಳು. ಬಡಗಿ ಗರಗಸ ಹಿಡಿದು ಸುಮ್ಮನೆ ನಿಂತ. ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಉಗುಳಿ, "ಯಜಮಾನ್ರೇ, ಇವು ಯಾರನ್ನೂ ಏನೂ ಕೇಳ್ತಿಲ್ವಲ್ಲ. ಇರ್ಲಿ ಬಿಡಿ" ಅಂದ. ನೀನು ಬೇಡ ಅಂದದ್ದೂ ನನಗೆ ನೆನಪಿತ್ತು. ಆದರೆ ತೊಲೆ ಇದ್ದರೆ ನೀನು ಅಲ್ಲಿ ಯಾರ್ಡಿಗೆ ಓಡುತ್ತಲೇ ಇರುತ್ತೀ, ನನ್ನ ಮನಸ್ಸೂ ಎರಡಾಗಿಯೇ ಇರುತ್ತದೆ. ಗರಗಸ ಕಿತ್ತುಕೊಂಡು ಮೊದಲನೆಯದಕ್ಕೆ ನಾನೇ ಕೈಹಾಕಿದೆ. ಗಟ್ಟಿ ಮರ. ಭಾವನ ಆಯ್ಕೆಯಲ್ಲವೇ, ಬೆವರು ಇಳಿಸಿಬಿಟ್ಟಿತು.

ಈಗ ಅಲ್ಲಿ ಹಲಗೆ ಹಾಸಿ ಬೆಂಚು ಹಾಕಿಸಿದ್ದೇನೆ. ಆರೇಳು ಜನ ಕಾಲು ಚಾಚಿ ಕೂರಬಹುದು. ಹಿಂದೆ ಎರಡು ಔಟ್‌ಬೋರ್ಡ್ ಮಿರಮಿರ ಮಿಂಚುತ್ತಿವೆ. ಆಳಿನ ವಿಷಯ ಕೇಳಿದ್ದೆಯಲ್ಲ. ಅವನು ಇನ್ನು ಬೇಕಾಗಿಲ್ಲ. ನಾನೊಬ್ಬನೇ ಸಾಕು. ಇನ್ನು ಮುಂದೆ ಯಾವತ್ತೂ ಈ ಲಾಂಚಿಗೆ ಇನ್ನೊಬ್ಬರು ಬೇಕಾಗಿಲ್ಲ. ನಿನ್ನ ತಲೆಯ ಮೇಲಿದ್ದ ಭಾರವನ್ನು ಆ ಪುಲ್ಲಿಯಲ್ಲೇ ಎತ್ತಿ ಕೆಳಗಿಟ್ಟೆ ಎಂದು ತಿಳಿದುಕೋ.

ಮದುವೆ ದಿಬ್ಬಣವನ್ನು ಲಾಂಚಿನಲ್ಲೇ ದಾಟಿಸುವ,
ನಿನ್ನ ಮಾವ


ಏಪ್ರಿಲ್ ೫

ಮಾವನಿಗೆ ನಮಸ್ಕಾರ.

ಕೆಲಸ ಮುಗಿದದ್ದು ತಿಳಿಯಿತು. ನಿಮಗೆ ಅನುಕೂಲವಾದರೆ ಸರಿ. ಯಾರ್ಡಿನವನಿಗೆ ಬೇಡವೆಂದು ಹೇಳಿದೆ.

ಮದುವೆಯ ವಿಷಯ ಅಲ್ಲ. ನಮ್ಮ ಕಂಪನಿಯವರು ಬೇರೆ ಊರಿನಲ್ಲಿ ಕಟ್ಟುತ್ತಿರುವ ದೊಡ್ಡ ಆಸ್ಪತ್ರೆಯ ಲಿಫ್ಟುಗಳನ್ನೆಲ್ಲ ನನಗೆ ವಹಿಸುತ್ತೇವೆ ಎಂದಿದ್ದರು. ಇಲ್ಲಿಗಿಂತಲೂ ದೂರ. ಮೂರು ವರ್ಷ ಬಿಡುವಂತಿಲ್ಲ. ಹೌದು ಎಂದು ಸಹಿ ಹಾಕಿದೆ. ಮುಂದಿನ ವಾರ ಹೊರಡುತ್ತೇನೆ. ಹೊಸ ವಿಳಾಸ ಅಲ್ಲಿಗೆ ಹೋದ ಮೇಲೆ ಬರೆಯುತ್ತೇನೆ.

ಔಟ್‌ಬೋರ್ಡುಗಳನ್ನು ದಿನದ ಕೊನೆಗೆ ಸಿಹಿನೀರಿನಲ್ಲಿ ತೊಳೆಯಿರಿ, ಉಪ್ಪು ಒಳಗೆ ಕೂರಬಾರದು. ಹಿಂದಿನಿಂದ ಅಲೆ ಬರುವಾಗ ವೇಗ ಮೊದಲೇ ಇಳಿಸಿ.

ನಿಮ್ಮ
ಮಸಿಮೂತಿ


ಏಪ್ರಿಲ್ ೧೯

ಮಗಳೇ,

ನಿನ್ನ ಕಾಗದ ಚಿಕ್ಕದಿತ್ತು. ಸಂತೋಷದಲ್ಲಿ ಬರೆದಿದ್ದಾಳೆ, ಹೊರಡುವ ಗಡಿಬಿಡಿ ಎಂದು ನಾನು ಮಡಿಸಿ ಇಟ್ಟೆ. ನಿನ್ನ ಅತ್ತೆ ಮತ್ತೆ ಬಿಚ್ಚಿಸಿದಳು. ಬರೀ ಅದನ್ನಲ್ಲ, ಮೊದಲಿನವನ್ನೂ ತರಿಸಿ ಓದಿಸಿದಳು. ಅಂಗೈಯ ಡೀಸೆಲ್ ವಾಸನೆ ತೊಳೆಯಲು ಮನಸ್ಸಾಗಲಿಲ್ಲ ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ಸಾಕು ನಿಲ್ಲಿಸಿ ಅಂದಳು. ಏನಾಯಿತು ಅಂದೆ.

"ಅವ್ಳು ಹುಡುಕ್ತಿದ್ದಿದ್ದು ಎಂಜಿನ್ ಅಲ್ಲ ಕಣ್ರೀ. ಮನೆಗೆ ಬರೋಕೆ ಒಂದು ನೆಪ."

ನಾನು ಇಲ್ಲ ಎಂದು ವಾದ ಮಾಡಿದೆ. ಆಕಾಶಕ್ಕೆ ಜನ ಹತ್ತಿಸುವವಳು ಈ ಲಾಂಚಿನ ಹೊಟ್ಟೆಯೊಳಗೆ ಬಂದು ಕೂರುತ್ತಾಳೆಯೇ, ನಿನಗೆ ತಲೆ ಸರಿಯಿಲ್ಲ ಅಂದೆ. ಅವಳು ಎದ್ದು ಒಳಗೆ ಹೋದಳು. ನಾನು ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಕೆಳಗೆ ಯಾರಿದ್ದಾರೆ, ಕೆಳಗೆ ಯಾರಿದ್ದಾರೆ ಎಂದು ನೀನು ಕೇಳಿದ್ದು ನನ್ನ ತಪ್ಪು ಹಿಡಿಯುವುದಕ್ಕೆ ಎಂದುಕೊಂಡಿದ್ದೆ.

ಈಗ ಬರೆಯುತ್ತೇನೆ, ಕೇಳು. ಕೆಳಗೆ ಯಾರೂ ಇರಲಿಲ್ಲ. ಆ ಆಳು ಮಳೆಗಾಲ ಮುಗಿದ ಕೂಡಲೇ ದೊಡ್ಡ ಬೋಟೊಂದಕ್ಕೆ ಸೇರಿಕೊಂಡು ಹೋದ. ಬೇರೆಯವರು ಸಿಗಲಿಲ್ಲ. ನಾನೇ ಇಳಿದು ಎಂಜಿನ್ ಹಚ್ಚಿ, ಮೇಲೆ ಓಡಿಬಂದು ಚುಕ್ಕಾಣಿ ಹಿಡಿದು, ನೀರು ನೆಟ್ಟಗಿರುವ ಕಡೆ ಚಕ್ರಕ್ಕೆ ಹಗ್ಗ ಬಿಗಿದು ಮತ್ತೆ ಇಳಿದು ಲಿವರ್ ತಳ್ಳುತ್ತಿದ್ದೆ. ಧಕ್ಕೆಯ ಜನಕ್ಕೆ ಅದು ತಮಾಷೆ. ನಾನೂ ತಮಾಷೆಯನ್ನೇ ಮಾಡಿ ತೋರಿಸುತ್ತಿದ್ದೆ. ಆ ಸೋಮವಾರ ಇಳಿತ ಜೋರಾಗಿತ್ತು, ಚಕ್ರ ಬಿಡುವಂತಿರಲಿಲ್ಲ. ಸುಟ್ಟ ವಾಸನೆ ಬಂದದ್ದು ಗೊತ್ತಾಯಿತು. ದಡ ಮುಟ್ಟಲಿ, ಆಮೇಲೆ ನೋಡೋಣ ಎಂದುಕೊಂಡೆ.

ಇದನ್ನು ನಿನಗೆ ಬರೆದಿದ್ದರೆ ಖಂಡಿತ ನೀನು ಓಡಿಬರುತ್ತಿದ್ದೆ. ಹಾಗೆ ನಿನ್ನನ್ನು ಎಳೆದುಕೊಳ್ಳಬಾರದು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ನಾನೊಬ್ಬನೇ ಸಾಕು ಎಂದು ಬರೆದದ್ದು ನೀನು ಹಗುರಾಗಲಿ ಎಂದು. ಅದನ್ನು ನೀನು ಹೇಗೆ ಓದಿಕೊಂಡಿರುತ್ತೀ ಎಂದು ಈಗ ಹೊಳೆಯುತ್ತಿದೆ.

ಔಟ್‌ಬೋರ್ಡ್ ನೀನು ಹೇಳಿದ ಹಾಗೆಯೇ ಮಾಡಿತು. ಅಳಿವೆಯ ಬಾಯಲ್ಲಿ ಹಿಂಬದಿ ಎದ್ದಾಗ ಎರಡೂ ಕಿರುಚಿಕೊಂಡವು, ಲಾಂಚು ಅಡ್ಡ ತಿರುಗಿತು. ಯಾರಿಗೂ ಏನೂ ಆಗಲಿಲ್ಲ. ಈಗ ಗಾಳಿಯಿರುವ ದಿನ ಹೊರಡುವುದನ್ನೇ ಬಿಟ್ಟಿದ್ದೇನೆ. ಅಂಥ ದಿನ ಟೀಚರಮ್ಮ ಧಕ್ಕೆಗೆ ಬಂದು ನೀರು ನೋಡಿ, ನನ್ನನ್ನು ನೋಡಿ, ವಾಪಸ್ಸು ಹೋಗುತ್ತಾರೆ.

ಬಡಗಿಯನ್ನು ಕೇಳಿದೆ. ಕತ್ತರಿಸಿದ ತೊಲೆ ಕೂಡುವುದಿಲ್ಲವಂತೆ. ಹೊಸದಾಗಿ ಉದ್ದ ಮರ ತಂದರೆ ಹಾಕಿಕೊಡುತ್ತಾನಂತೆ. ಮರ ನೋಡಿ ಬಂದಿದ್ದೇನೆ. ಎಂಜಿನ್ ಇಲ್ಲದಿದ್ದರೂ ಸರಿ, ಮೊದಲು ತೊಲೆ ಹಾಕಿಸಿಬಿಡುತ್ತೇನೆ.

ಸಹಿ ಹಾಕಿದ್ದೇನೆ ಎಂದಿದ್ದೀ. ಸಹಿ ಎಂದರೆ ಎಷ್ಟು ಗಟ್ಟಿ ಎಂದು ನನಗೆ ಗೊತ್ತಿಲ್ಲ. ನನ್ನಿಂದ ಒಬ್ಬನಿಂದ ಆಗುತ್ತಿಲ್ಲ. ನೀನು ಬರುತ್ತೀಯಾ?

ನೀನು ಹೊಸ ವಿಳಾಸ ಕೊಟ್ಟಿಲ್ಲ. ಹಳೆಯದಕ್ಕೇ ಹಾಕುತ್ತಿದ್ದೇನೆ, ಯಾರಾದರೂ ಕಳಿಸಿಕೊಡಲಿ.

ನಿನ್ನ ಮಾವ


ಜೂನ್ ೮

ಮಾವ,

ನಿಮ್ಮ ಕಾಗದ ಅಲ್ಲಿ ಇಲ್ಲಿ ಸುತ್ತಿ ಮೊನ್ನೆ ಕೈಗೆ ಬಂತು. ಲಕೋಟೆಯ ಮೇಲೆ ಮೂರು ಜನರ ಕೈಬರಹ ಇತ್ತು, ಎಲ್ಲರೂ ವಿಳಾಸ ಹೊಡೆದು ತಿದ್ದಿದ್ದರು.

ಬರಲು ಆಗುವುದಿಲ್ಲ. ಸಹಿಯ ಮಾತು ಹಾಗಿರಲಿ. ಇಲ್ಲಿ ಆಸ್ಪತ್ರೆಯ ಒಂದು ಭಾಗ ಆಗಲೇ ತೆರೆದುಬಿಟ್ಟಿದ್ದಾರೆ, ಲಿಫ್ಟ್ ಇನ್ನೂ ಆಗಿಲ್ಲ. ಕಾಯಿಲೆಯವರನ್ನು ಮೆಟ್ಟಿಲ ಮೇಲೆ ನಾಲ್ಕು ಜನ ಹೊತ್ತು ಏರಿಸುತ್ತಾರೆ. ಹೊರುವವರ ಕಾಲು ನಡುಗುವುದನ್ನು ದಿನವೂ ನೋಡುತ್ತೇನೆ. ನನ್ನ ಕೆಳಗೆ ಕೆಲಸ ಮಾಡುವವರೂ ಇದ್ದಾರೆ. ಇದನ್ನು ಅರ್ಧಕ್ಕೆ ಬಿಟ್ಟು ಬಂದರೆ ನಿಮಗೂ ಸರಿಯೆನಿಸುವುದಿಲ್ಲ.

ತಪ್ಪೆಲ್ಲ ನಿಮ್ಮದೇ ಎಂಬಂತೆ ಬರೆದಿದ್ದೀರಿ. ಕೆಳಗೆ ಯಾರಿದ್ದಾರೆ ಎಂದು ನಾನು ಎರಡು ಸಲ ಕೇಳಿದೆ. ನಾನು ಬಂದಿರಲೇ ಎಂದು ಒಂದು ಸಲವೂ ಕೇಳಲಿಲ್ಲ. ಇಷ್ಟು ದೊಡ್ಡ ಕೆಲಸದಲ್ಲಿದ್ದಾಳೆ ಎಂದು ಧಕ್ಕೆಯ ಮೇಲೆಲ್ಲ ಹೇಳಿಕೊಂಡು ಬಂದವರು ನೀವು. ವಾಪಸ್ಸು ಬಂದರೆ ನಿಮಗೆ ತಲೆ ತಗ್ಗುತ್ತದೇನೋ ಎಂದು ನನಗೂ ಹೆದರಿಕೆ. ನೀವು ಬಾ ಎಂದರೆ ಬಂದುಬಿಡುವುದು ಎಂದುಕೊಂಡು, ನಿಮ್ಮ ಅಷ್ಟುದ್ದದ ಕಾಗದಗಳಲ್ಲಿ ಆ ಒಂದು ಸಾಲು ಹುಡುಕಿದೆ.

ಹೊರಡುವ ಮುಂಚೆ ಯಾರ್ಡಿಗೆ ಹೋಗಿದ್ದೆ. ಎಂಜಿನ್ ಇರಲಿಲ್ಲ, ಯಾರೋ ಒಯ್ದಿದ್ದರು. ಅದು ಕೂತಿದ್ದ ಕಡೆ ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಇತ್ತು. ಸ್ವಲ್ಪ ಹೊತ್ತು ನಿಂತು ಬಂದೆ.

ತೊಲೆ ಹಾಕಿಸಬೇಡಿ. ಖಾಲಿ ತೊಲೆ ಹತ್ತಿ ಇಳಿಯುವವರ ಕಾಲಿಗೆ ತಗಲುತ್ತದೆ. ಬೆಂಚೇ ಇರಲಿ, ಜನ ಕೂರಲಿ. ಆದರೆ ನೀವೊಬ್ಬರೇ ಹೋಗಬೇಡಿ. ಹಿಂದಿನಿಂದ ಬರುವ ಅಲೆ ನೋಡಿ ಹೇಳಲು ಒಬ್ಬರು ಬೇಕು. ಮುಂದೆ ನೋಡಿಕೊಂಡು ನಡೆಸುವವರಿಗೆ ಅದು ಕಾಣುವುದಿಲ್ಲ. ಯಾರನ್ನಾದರೂ ಕೇಳಿ.

ನಿಮ್ಮ ಮಸಿಮೂತಿ


ಜೂನ್ ೨೪

ಮಗಳೇ,

ಕಾಗದ ಮುಟ್ಟಿತು. ಓದಿ ಆ ದಿನ ಲಾಂಚು ಬಿಡಲಿಲ್ಲ. ಗಾಳಿ ಇತ್ತೆಂದು ಜನಕ್ಕೆ ಹೇಳಿದೆ, ಇರಲಿಲ್ಲ.

ಕಾಯಿಲೆಯವರನ್ನು ಬಿಟ್ಟು ಬರಬೇಡ. ನಾನು ಇನ್ನು ಆ ಮಾತು ಎತ್ತುವುದಿಲ್ಲ. ತೊಲೆಗೆಂದು ನೋಡಿದ್ದ ಮರವನ್ನು ಬಡಗಿಗೆ ಬೇಡವೆಂದು ಹೇಳಿದೆ. ಅವನು ಬಾಯಲ್ಲಿ ಮೊಳೆ ಇಟ್ಟುಕೊಂಡೇ ತಲೆಯಾಡಿಸಿದ.

ಹಿಂದೆ ನೋಡಲು ಯಾರನ್ನಾದರೂ ಕೇಳಿ ಅಂದೆಯಲ್ಲ. ಯಾರನ್ನು ಕೇಳುವುದು ಎಂದು ಎರಡು ದಿನ ಧಕ್ಕೆಯ ಮೇಲೆ ಸುಮ್ಮನೆ ಓಡಾಡಿದೆ. ಒಬ್ಬರ ಮುಂದೆ ಹೋಗಿ ನಿಂತರೆ ಬಾಯಿಗೆ ಬರುವುದು ಅಭ್ಯಾಸದ ಮಾತೇ. ನಾನಿದ್ದೇನಲ್ಲ, ನನಗೇನು ಕಡಿಮೆ ಎಂದು ಹೇಳಿ ಮುಂದಕ್ಕೆ ಹೋಗುವುದು. ಚಹಾದವನ ಹತ್ತಿರವೂ ಹಾಗೆಯೇ ಆಯಿತು.

ಕೊನೆಗೆ ನಿನ್ನ ಅತ್ತೆಯನ್ನು ಕೇಳಿದೆ. ನಿನಗೇ ಗೊತ್ತು, ಮದುವೆಯಾಗಿ ಬಂದ ದಿನ ಲಾಂಚಿನಲ್ಲಿ ದಾಟಿದವಳು ಆಮೇಲೆ ಒಂದು ದಿನವೂ ನೀರಿಗೆ ಕಾಲಿಟ್ಟವಳಲ್ಲ. ದಡದಲ್ಲಿ ನಿಂತರೇ ಅವಳಿಗೆ ಹೊಟ್ಟೆ ತೊಳಸುತ್ತದೆ. ಪಾತ್ರೆ ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತು, ನನ್ನ ಜೊತೆ ಬರ್ತೀಯಾ, ಒಬ್ಬನಿಗೆ ಆಗ್ತಿಲ್ಲ ಅಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಕೈ ಒರೆಸಿಕೊಂಡು, ಬಾಗಿಲು ಎಳೆದು, ಚಪ್ಪಲಿ ಹಾಕಿಕೊಂಡಳು.

ಈಗ ಹಿಂದೆ ನನ್ನ ಪಕ್ಕದಲ್ಲೇ ಮಗ್ಗುಲಾಗಿ ಕೂತು, ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು, ಅಲೆ ಬಂದಾಗ ನನ್ನ ಬೆನ್ನಿಗೆ ಗುದ್ದುತ್ತಾಳೆ. ನಾನು ವೇಗ ಇಳಿಸುತ್ತೇನೆ. ಆಚೆ ದಡ ಮುಟ್ಟುವವರೆಗೂ ಬೈಗುಳ ತಪ್ಪಿದ್ದಲ್ಲ, ನಡುವೆ ವಾಂತಿಯೂ ಆಗುತ್ತದೆ. ಮರುದಿನ ನನಗಿಂತ ಮೊದಲು ಹೊರಟು ನಿಂತಿರುತ್ತಾಳೆ. ಟೀಚರಮ್ಮ ಗಾಳಿಯ ದಿನವೂ ಬರತೊಡಗಿದ್ದಾರೆ.

ಕೇಳಿದ ಕೂಡಲೇ ಬಂದಳು ಮಗಳೇ. ಕೇಳಿದರೆ ಬರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಮಾವ